ನಾನು ಚೀಲ ಕಟ್ಟಿದ ವರ್ಷ

ಪುಟ್ಟ ಮಗುವನ್ನು ಕರೆದುಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರಯಾಣಕ್ಕೆ ನಾನು ಚೀಲ ಕಟ್ಟಲು ಕೂತೆ ಅಂದರೆ ಏನಾದರೊಂದು ಆಗಿಯೇ ತೀರುತ್ತದೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ನನಗೆ ಪ್ರತಿ ಸಲವೂ ಆಗುತ್ತದೆ. ನಾನಿರುವುದು ಮಧುಗಿರಿಯಲ್ಲಿ. ದನದ ಡಾಕ್ಟರ ಕೈಕೆಳಗೆ ಕಾಂಪೌಂಡರ್. ಒಂದು ಮಂದೆ ಕುರಿಗೆ ಜಂತು ಔಷಧಿ ಕುಡಿಸು ಅಂದರೆ ಊಟದ ಹೊತ್ತಿಗೆ ಮುಗಿಸಿ ಕೈ ತೊಳೆದುಕೊಂಡಿರುತ್ತೇನೆ. ಒಂದು ಮಗುವಿಗೆ ಚೀಲ ಕಟ್ಟು ಅಂದರೆ ದಿಕ್ಕು ತೋಚುವುದಿಲ್ಲ.

ಮೊದಲು ಆ ಕೆಲಸ ನನ್ನ ಹೆಂಡತಿಯದು. ಹೋದ ವರ್ಷ ಆರು ದಿನದ ಜ್ವರಕ್ಕೆ ಅವಳು ಹೋಗಿಬಿಟ್ಟಳು. ಮಗಳು ಚಿನ್ನಿಗೆ ಆಗ ಮೂರೂವರೆ. ಬಂದವರೆಲ್ಲ ದೊಡ್ಡ ದೊಡ್ಡ ಸಮಾಧಾನ ಹೇಳಿದರು. ಬಸ್ಸಲ್ಲಿ ವಾಂತಿ ಮಾಡುವ ಮಗುವಿಗೆ ಏನೇನು ಇಟ್ಟುಕೊಳ್ಳಬೇಕು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ.

ಒಂಬತ್ತು ಚಡ್ಡಿ

ಎರಡು ತಿಂಗಳು ಕಳೆದಿತ್ತು. ಮಗು ಮನೆಯ ಮೂಲೆಯಲ್ಲೇ ಮಂಕಾಗಿ ಕೂತಿರುತ್ತೆ ಅಂತ ಒಂದು ಭಾನುವಾರ ಸಿದ್ದರಬೆಟ್ಟಕ್ಕೆ ಹೊರಟೆ. ಚೀಲಕ್ಕೆ ಏನು ಹಾಕಲಿ ಅಂತ ಎದುರುಮನೆಯ ಅಂಗನವಾಡಿ ಟೀಚರನ್ನು ಕೇಳಿದೆ.

"ಏನಿಲ್ದಿದ್ರೂ ಚಡ್ಡಿ ಜಾಸ್ತಿ ಇಟ್ಕೊಳಣ್ಣ," ಅಂದರು.

ಮನೆಯಲ್ಲಿದ್ದ ಒಂಬತ್ತೂ ಇಟ್ಟುಕೊಂಡೆ. 'ಏನಿಲ್ದಿದ್ರೂ' ಅಂದದ್ದನ್ನು ನಾನು 'ಬೇರೇನೂ ಬೇಡ' ಅಂತ ಅರ್ಥ ಮಾಡಿಕೊಂಡಿದ್ದೆ.

ಕೊರಟಗೆರೆ ದಾಟಿದ್ದೇ ತಡ, ಚಿನ್ನಿ ಫ್ರಾಕಿನ ಮೇಲೆಲ್ಲ ವಾಂತಿ ಮಾಡಿಕೊಂಡಳು. ಒಂಬತ್ತು ಚಡ್ಡಿಯಲ್ಲಿ ಮೈಮೇಲೆ ಹಾಕಲು ಬರುವಂಥದ್ದು ಒಂದೂ ಇಲ್ಲ. ಬೆಟ್ಟದ ಬುಡದಲ್ಲಿ ಬಸ್ಸಿಳಿದು, ಫ್ರಾಕು ಬಿಚ್ಚಿ, ನನ್ನ ಬಿಳಿ ಅಂಗಿಯನ್ನು ಅವಳಿಗೆ ಹಾಕಿದೆ. ಅದು ಪಾದದವರೆಗೆ ಬಂತು. ನಾನು ಬನಿಯನ್ನಿನಲ್ಲೇ ನಡೆದೆ. ಇದರ ಜೊತೆಗೆ ಇನ್ನೊಂದು. ಹಿಂದಿನ ವಾರವಷ್ಟೇ ಅವಳ ತಲೆ ಬೋಳಿಸಿದ್ದೆ. ಹೇನಾಗಿತ್ತು ಅಂತ ಊರಿಗೆಲ್ಲ ಹೇಳಿದ್ದೆ. ನಿಜ ಏನಂದರೆ ಜಡೆ ಹಾಕಲು ನನಗೆ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಾಚಣಿಗೆ ಹಿಡಿದು ನಿಂತಾಗ ಅವಳೂ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ.

ಗುಡಿಯಲ್ಲಿ ಪೂಜಾರಿ ಬೋಳು ತಲೆಯ ಕೆಳಗೆ ಹಣೆ ತುಂಬ ವಿಭೂತಿ ಬಳಿದರು. ಇಳಿದು ಬರುವಾಗ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಇವಳನ್ನು ನೋಡಿದ್ದೇ ಗಡಬಡಿಸಿ ಕಾಲಿಗೆ ಬಿದ್ದರು. ಚಿನ್ನಿ ಅಜ್ಜಿಯ ತಲೆ ಕೈಗೆ ಸಿಕ್ಕಿತಲ್ಲ ಅಂತ ಸುಮ್ಮನೆ ಸವರಿದಳು. ಅಜ್ಜಿಗೆ ಕಣ್ಣೀರು ಬಂತು.

"ಯಾವ ಮಠದ ಮರಿ ಬುದ್ದಿಯೋರಪ್ಪಾ ಇವ್ರು?" ಅಂತ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ನನ್ನ ಬನಿಯನ್ನನ್ನೂ ಹೆಗಲ ಮೇಲಿನ ಚೀಲವನ್ನೂ ನೋಡಿ, "ನೀನು ಮಠದ ಅಡಿಗೆಯೋನಾ?" ಅಂದರು.

"ಹೂಂ ಕಣವ್ವ, ಈಗ ಎರಡು ತಿಂಗಳಿಂದ," ಅಂದೆ.

ಭುಜದವರೆಗಿನ ಗೌಸು

ನನ್ನ ಹೆಂಡತಿಯ ತವರು ಪಾವಗಡದ ಕಡೆ, ವೈ.ಎನ್.ಹೊಸಕೋಟೆ. ಆಂಧ್ರದ ಗಡಿ, ಕನ್ನಡದ ಜೊತೆ ತೆಲುಗೂ ಬೆರೆತ ಮಾತು. ತಿಂಗಳಿಗೆ ಎರಡು ಸಲ ಮಗುವನ್ನು ಅಜ್ಜಿಗೆ ತೋರಿಸಿಕೊಂಡು ಬರಬೇಕು ಅಂತ ಮಾತಾಗಿತ್ತು. ಅತ್ತೆ ತಾಯಿಯಾಗಿ ಒಳ್ಳೆಯವರು, ಅಜ್ಜಿಯಾಗಿ ಇನ್ನೂ ಒಳ್ಳೆಯವರು. ಆದರೆ ಮಗಳು ಹೋದಾಗಿನಿಂದ ಒಂದೇ ಹಟ: "ಮಗೂನ ನನ್ನತ್ರ ಬುಡು. ಗಂಡಸರ ಕೈಲಿ ಆಗಲ್ಲ." ನನ್ನ ಕೈಲಿ ಆಗುತ್ತದೋ ಇಲ್ಲವೋ ಅಂತ ನೋಡಲು ಅವರು ಕಂಡುಕೊಂಡ ಪರೀಕ್ಷೆ ನನ್ನ ಚೀಲ. ಹೊಸ್ತಿಲು ದಾಟಿದ ತಕ್ಷಣ, ಕಾಲಿಗೆ ನೀರು ಕೊಡುವ ಮೊದಲೇ, ಚೀಲ ಬಿಚ್ಚಿ ತಪಾಸಣೆ ಮಾಡುತ್ತಿದ್ದರು.

ನನ್ನ ಹತ್ತಿರ ಒಂದೇ ಥರದ ಎರಡು ನೀಲಿ ಚೀಲ ಇದ್ದವು. ಒಂದು ಚಿನ್ನಿಯದು, ಒಂದು ನನ್ನ ಕೆಲಸದ್ದು. ಆ ಭಾನುವಾರ ಚಿನ್ನಿಯ ಚೀಲಕ್ಕೆ ಎರಡು ಫ್ರಾಕು, ಟವೆಲು, ಬಿಸಿನೀರು, ಮೊಸರನ್ನ ಎಲ್ಲ ತುಂಬಿ, ಎದೆಯುಬ್ಬಿಸಿಕೊಂಡು ಇನ್ನೊಂದನ್ನು ಎತ್ತಿಕೊಂಡು ಬಂದಿದ್ದೆ.

ಅತ್ತೆ ಜಿಪ್ಪು ಎಳೆದರು. ಮೊದಲು ಮೂಗುದಾರ ಬಂತು. ಆಮೇಲೆ ಜಂತು ಔಷಧಿಯ ಡಬ್ಬಿ. ಆಮೇಲೆ ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗೌಸು, ಎಳೆದಷ್ಟೂ ಬರುತ್ತಲೇ ಇತ್ತು.

"ಇದೇಂದಪ್ಪಾ ಇದಿ?"

ಚಿನ್ನಿ ಮುಂದೆ ಬಂದು ವಿವರಿಸಿದಳು: "ಅಪ್ಪ ಅದನ್ನ ಕೈಗೆ ಹಾಕ್ಕಂಡು ಹಸಾದ ಹಿಂದ್ಗಡೆಯಿಂದ ಒಳೀಕೆ ಕೈ ಹಾಕುತ್ತೆ ಅಜ್ಜಿ. ಕರ ಐತಾ ಇಲ್ವಾ ಅಂತ."

ಅತ್ತೆ ಗೌಸನ್ನು ಎರಡು ಬೆರಳಲ್ಲಿ ಹಿಡಿದು ದೂರ ಎಸೆದರು. ಕೈ ತೊಳೆದುಕೊಂಡು ಬಂದವರು ನನ್ನನ್ನು ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು. "ನನ್ನ ಮಗಳು ಒಂದು ದಿನ ಒಂದು ಕರ್ಚೀಪು ಮರೆತೋಳಲ್ಲ," ಅಂದರು. "ಜೂನಿಗೆ ಸ್ಕೂಲು. ಅಷ್ಟರೊಳಗೆ ಮಗೂನ ಇಲ್ಲಿ ತಂದು ಬುಡಪ್ಪಾ. ನಿನ್ನ ಮೇಲೆ ಕೋಪ ಇಲ್ಲ. ನಿಂಗೆ ಆಗಲ್ಲ, ಅಷ್ಟೇ."

ಉತ್ತರ ಕೊಡಲು ನನ್ನ ಹತ್ತಿರ ಏನಿತ್ತು? ಒಂದು ಮೂಗುದಾರ ಇತ್ತು. ಸಂಜೆ ತಲೆ ತಗ್ಗಿಸಿಕೊಂಡು ಹೊರಟೆ. ಬಾಗಿಲವರೆಗೆ ಬಂದ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಹಿತ್ತಲಲ್ಲಿ ಎಮ್ಮೆ ನಾಲ್ಕು ದಿನದಿಂದ ಮೇವು ಮುಟ್ಟಿಲ್ಲ. ಹೆಂಗೂ ಚೀಲ ತಂದಿದೀಯ, ಒಂದ್ಸಲ ನೋಡ್ಬುಟ್ಟು ಹೋಗು."

ಎರಡು ಎಡಗಾಲು

ನನ್ನ ಜೊತೆ ಕೆಲಸ ಮಾಡಿದ್ದ ಒಬ್ಬರು ಈಗ ಸಿರಾದಲ್ಲಿದ್ದಾರೆ. ರಂಜಾನ್ ಹಬ್ಬದ ಊಟಕ್ಕೆ ಕರೆದಿದ್ದರು. ಈ ಸಲ ಚಿನ್ನಿ, "ಚೀಲ ನಾನೇ ಕಟ್ಟೋದು," ಅಂತ ಕೂತಳು. ನನಗೂ ಬೇಕಾಗಿದ್ದದ್ದು ಅದೇ. ತಪ್ಪಾದರೆ ಅವಳ ಮೇಲೆ ಹಾಕಬಹುದಲ್ಲ. ಮೇಲೊಂದು ಫ್ರಾಕು ಕಂಡಿತು. ಸಾಕು ಅಂತ ಜಿಪ್ಪು ಎಳೆದೆ. ದಾರಿಯುದ್ದಕ್ಕೂ ಚೀಲ ಯಾಕೋ ಭಾರ ಅನ್ನಿಸಿತು. ಗೊಂಬೆ ಇರಬೇಕು ಅಂದುಕೊಂಡೆ.

ಊಟದ ಮಧ್ಯೆ ಚಿನ್ನಿ ಫ್ರಾಕಿನ ಮೇಲೆ ಸಾರು ಚೆಲ್ಲಿಕೊಂಡಳು. ಮನೆಯಾಕೆ, "ಅರೆ ಬೇಟಿ, ಪರವಾಗಿಲ್ಲ, ಬೇರೆ ಹಾಕೋಣ," ಅಂತ ಚೀಲ ತೆರೆದರು. ಫ್ರಾಕಿನ ಕೆಳಗಿಂದ ದೊಡ್ಡವರ ಚಪ್ಪಲಿ ಬಂದವು.

"ಇದು ಯಾರ್ದು ಬೇಟಿ?"

"ಅಮ್ಮಂದು. ಅಮ್ಮ ಬರಿಗಾಲಲ್ಲಿ ಹೋಗೈತೆ. ದಾರೀಲಿ ಸಿಕ್ರೆ ಕೊಡಕ್ಕೆ."

ಜ್ವರ ಏರಿದ ದಿನ ನನ್ನ ಹೆಂಡತಿಯನ್ನು ಎತ್ತಿ ಆಟೋಗೆ ಕೂರಿಸಿದ್ದೆ. ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮಗು ಅಷ್ಟು ತಿಂಗಳು ಅದನ್ನು ಮನಸ್ಸಲ್ಲಿಟ್ಟುಕೊಂಡಿತ್ತು. ಸಿದ್ದರಬೆಟ್ಟಕ್ಕೆ ಹೋದಾಗ, ಹೊಸಕೋಟೆಗೆ ಹೋದಾಗ, ಕಿಟಕಿಯಿಂದ ಹೊರಗೆ ಅಷ್ಟೊಂದು ನೋಡುತ್ತಿದ್ದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

ಮನೆಯಾಕೆ ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತಾ ಚಪ್ಪಲಿಗಳನ್ನು ಜೋಡಿಸಿ ಇಡಲು ನೋಡಿದರು. ಜೋಡಿಯಾಗಲಿಲ್ಲ. ಒಂದು ದಿನಬಳಕೆಯದು, ಒಂದು ಹಬ್ಬದ್ದು.

"ಎರಡೂ ಎಡಗಾಲಿಂದೇ ಇದೆಯಲ್ಲ ಬೇಟಿ?"

ಚಿನ್ನಿ ಚಪ್ಪಲಿಯನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಸ್ವಲ್ಪವೂ ತಡವರಿಸದೆ ಹೇಳಿದಳು: "ಚೀಲ ಅಪ್ಪ ಕಟ್ಟಿದ್ದು."

ಏಳು ಗಂಟು

ಮೇ ತಿಂಗಳು ಬಂತು. ಸೋಲೊಪ್ಪಿಕೊಂಡಿದ್ದೆ. ಅತ್ತೆ ಫೋನು ಮಾಡಿ, "ಮೊದಲು ಪಾವಗಡಕ್ಕೆ ಹೋಗಿ ಶನಿದೇವರಿಗೆ ಕೈಮುಗಿದು ಬರಾಣ. ಆಮೇಲೆ ಮಗು ನನ್ನತ್ರ ಇರ್ಲಿ," ಅಂದರು. ನಾನು ಹೂಂ ಅಂದೆ. ಚಿನ್ನಿಯ ಬಟ್ಟೆ, ಗೊಂಬೆ, ಹಾಲಿನ ಲೋಟ ಎಲ್ಲವನ್ನೂ ಕಟ್ಟಿಕೊಂಡು ಹಿಂದಿನ ದಿನವೇ ಅವಳ ಜೊತೆ ಹೊಸಕೋಟೆಗೆ ಬಂದಿಳಿದಿದ್ದೆ. ದರ್ಶನ ಮುಗಿಸಿ ನಾನೊಬ್ಬನೇ ಮಧುಗಿರಿಗೆ ವಾಪಸ್ಸು. ಅವಳಿಗೆ ಇನ್ನೂ ಹೇಳಿರಲಿಲ್ಲ.

"ಚೀಲ ನಾನು ಕಟ್ತೀನಿ. ನೋಡಿ ಕಲ್ತ್ಕೋ," ಅಂದರು ಅತ್ತೆ. ಕಲಿಯುವಂಥದ್ದೇ. ಒಂದು ಚೀಲದಲ್ಲಿ ಚಿತ್ರಾನ್ನ, ಮೊಸರನ್ನ. ಒಂದರಲ್ಲಿ ಕೋಡುಬಳೆ, ಹುರಿದ ಕಡ್ಲೆಕಾಯಿ. ಒಂದರಲ್ಲಿ ಮೂರು ಜೊತೆ ಬಟ್ಟೆ. ಒಂದರಲ್ಲಿ ನೀರು. ಒಂದರಲ್ಲಿ ಜಮಖಾನ, ದಿಂಬು. ಒಂದರಲ್ಲಿ ಪೂಜೆ ಸಾಮಾನು. ಇನ್ನೊಂದರಲ್ಲಿ ಅಮೃತಾಂಜನದಿಂದ ಹಿಡಿದು ದೃಷ್ಟಿ ತೆಗೆಯುವ ಮೆಣಸಿನಕಾಯಿವರೆಗೆ. ಪಾವಗಡಕ್ಕೆ ಬಸ್ಸಲ್ಲಿ ಒಂದು ಗಂಟೆಯೂ ಬೇಡ.

ಶನಿವಾರದ ಬಸ್ಸು, ಕಾಲಿಡಲು ಜಾಗವಿಲ್ಲ. ಅತ್ತೆ ಮೊದಲು ನುಗ್ಗಿ ಸೀಟು ಹಿಡಿದರು. ನಾನು ಕಿಟಕಿಯಿಂದ ಒಂದೊಂದೇ ಗಂಟು ಒಳಕ್ಕೆ ಕೊಟ್ಟೆ. ಅವರು ಎಣಿಸಿಕೊಂಡರು: "ಒಕಟಿ, ರೆಂಡು, ಮೂಡು..." ಏಳಾಯಿತು. "ಎಲ್ಲಾ ಬಂತು, ಹತ್ತಪ್ಪಾ!" ಹತ್ತಿದೆ. ಬಸ್ಸು ಹೊರಟಿತು.

ಊರು ದಾಟಿ ಕಡ್ಲೆಕಾಯಿ ಹೊಲಗಳು ಶುರುವಾದ ಮೇಲೆ ಅತ್ತೆ ಕೋಡುಬಳೆ ಡಬ್ಬಿ ತೆಗೆದರು. "ತಗೋ ತಲ್ಲಿ," ಅಂತ ಚಿನ್ನಿಗೊಂದನ್ನು ನನ್ನ ಮೊಣಕಾಲ ಹತ್ತಿರ ಹಿಡಿದರು. ಯಾರೂ ತೆಗೆದುಕೊಳ್ಳಲಿಲ್ಲ. ಇಬ್ಬರೂ ಬಗ್ಗಿ ನೋಡಿದೆವು.

"ನಿನ್ನ ಹತ್ರ ಇಲ್ವಾ?"

"ನಿಮ್ಮ ಹತ್ರ ಇಲ್ವಾ?"

ಆಮೇಲೆ ನಾವಿಬ್ಬರೂ ಕೂಗಿದ ಕೂಗಿಗೆ ಡ್ರೈವರು ಬ್ರೇಕಿನ ಮೇಲೆ ಎದ್ದು ನಿಂತ. ಕಂಡಕ್ಟರು ನಮ್ಮನ್ನೂ ಗಂಟುಗಳನ್ನೂ ನೋಡಿ, "ಏಂದಿ ಸಾರ್, ಏಳು ಲಗೇಜು ಎತ್ಕೊಂಡು ಪಾಪನ್ನ ಬುಟ್ಟು ಬಂದ್ರಾ?" ಅಂದ. ಉತ್ತರ ಹೇಳಲು ನಾವು ಅಲ್ಲಿರಲಿಲ್ಲ. ಮಂಡಿನೋವಿನ ಅತ್ತೆ ಸೀರೆ ಎತ್ತಿ ಕಟ್ಟಿ, ಬಿಸಿಲಲ್ಲಿ, ನನಗಿಂತ ಹತ್ತು ಮಾರು ಮುಂದೆ ಓಡುತ್ತಿದ್ದರು. ಏಳು ಗಂಟೂ ದೇವರ ದರ್ಶನಕ್ಕೆ ಹೋದವು.

ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆಯ ಪಕ್ಕದಲ್ಲಿ ಚಿನ್ನಿ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ತಲೆಗೊಂದು ಕನಕಾಂಬರದ ತುಂಡು ಸಿಕ್ಕಿಸಿದ್ದರು. ಅತ್ತೆ ಅವಳನ್ನು ಬಾಚಿ ಎದೆಗೊತ್ತಿಕೊಂಡು ನೆಲದ ಮೇಲೆ ಕುಸಿದು ಕೂತರು. ಮಗಳ ತಿಥಿಯಲ್ಲೂ ಅವರು ಅಷ್ಟು ಜೋರಾಗಿ ಅತ್ತಿರಲಿಲ್ಲ.

ಉಸಿರು ತಿರುಗಿದ ಮೇಲೆ ಅಂದರು: "ಅವಳು ಎತ್ಕೊಂಡವಳೆ ಅಂದ್ಕೊಂಡೆ ಕಣಪ್ಪಾ. ನಮ್ಮ ಹುಡುಗಿ ಎತ್ಕೊಂಡವಳೆ, ಹಿಂದೆ ಹತ್ತುತ್ತಾಳೆ ಅಂತ."

ನಾನು ಅವರ ಪಕ್ಕದಲ್ಲಿ ಕೂತೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಹೆಂಡತಿ ಇದ್ದಾಗ ಹೋದಲ್ಲೆಲ್ಲ ಗಂಟು ನಾನು ಹೊರುವುದು, ಸೀಟು ಅತ್ತೆ ಹಿಡಿಯುವುದು, ಮಗುವನ್ನು ಅವಳು ಎತ್ತಿಕೊಳ್ಳುವುದು. ನಾವು ನಮ್ಮ ನಮ್ಮ ಕೆಲಸ ಸರಿಯಾಗಿಯೇ ಮಾಡಿದ್ದೆವು.

ಆಮೇಲೆ ಅತ್ತೆ ಮೂಗೊರೆಸಿಕೊಂಡು, "ಇವಳನ್ನ ನೀನೇ ಇಟ್ಕೋ. ಸ್ಕೂಲಿಗೆ ಅಲ್ಲೇ ಸೇರ್ಸು. ನಾನೇ ಬಂದು ಹೋಗ್ತಾ ಇರ್ತೀನಿ," ಅಂದರು. ಅತ್ತೆ ಮಗುವಿನ ಮುಖ ಎತ್ತಿ ಕೇಳಿದರು: "ಹೆದ್ರಿಕೊಂಡ್ಯಾ ತಲ್ಲಿ?"

"ಇಲ್ಲ," ಅಂದಳು ಚಿನ್ನಿ. "ಅಪ್ಪ ಯಾವಾಗ್ಲೂ ಏನಾನ ಮರ್ತು ಹೋಗ್ಬುಟ್ಟು ಆಮೇಲೆ ಬಂದು ತಗಂಡು ಹೋಗುತ್ತೆ. ಇವತ್ತು ನನ್ನ ಮರ್ತೈತೆ, ಬತ್ತೈತೆ ಅಂತ ಇವ್ರಿಗೆ ಹೇಳ್ತಿದ್ದೆ." ಆಮೇಲೆ ಅಜ್ಜಿಯ ಕೆನ್ನೆ ಒರೆಸುತ್ತಾ, ಬಹಳ ಬೇಜಾರಿನಿಂದ ಹೇಳಿದಳು:

"ಆದ್ರೆ ಅಜ್ಜೀಗೂ ಚೀಲ ಕಟ್ಟಕ್ಕೆ ಬರಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ."