ಆರು ಲಿಯೊಟಾರ್ಡುಗಳನ್ನು ನಾನು ಹೇಳಿದಂತೆಯೇ ಹೊಲಿದುಕೊಟ್ಟ ಕಂಪನಿಯವರಿಗೆ

ಮುಂಬಯಿಯಲ್ಲಿ ಕುಳಿತು, ದೇಶದ ಯಾವ ಮೂಲೆಯಲ್ಲಿರುವವರ ಮೈಗಾದರೂ ಅಳತೆಗೆ ತಕ್ಕಂತೆ ನೃತ್ಯದ ಉಡುಪು ಹೊಲಿದು ಕಳಿಸುವ ಕಂಪನಿಯ ಮಾಲೀಕರಿಗೆ, ಕಾಗವಾಡ ತಾಲೂಕಿನ ಐನಾಪುರದಿಂದ ಸಕ್ಕುಬಾಯಿ ಬಾಬಾಸಾಹೇಬ ಚೌಗಲಾ ಮಾಡುವ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಕತ್ತರಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಹತ್ತನೆಯ ಇಯತ್ತೆ ಪಾಸಾದವಳು, ಆದ್ದರಿಂದ ಈ ಪತ್ರವನ್ನು ಯಾರ ಕೈಯಿಂದಲೂ ಬರೆಸಿಲ್ಲ. ತಮ್ಮ ಫೋನಿನಲ್ಲಿ ಮಾತಾಡುವ ಹುಡುಗಿ ನನ್ನ ತಕರಾರನ್ನೆಲ್ಲ ಬಹಳ ಸಮಾಧಾನದಿಂದ ಕೇಳಿ, ಅಳತೆ ಕೊಟ್ಟು ಹೊಲಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಹೇಳಿ, ನನ್ನ ಸಂತೋಷವೇ ಕಂಪನಿಯ ಗುರಿಯೆಂದು ತಿಳಿಸಿ ಫೋನ್ ಇಟ್ಟಳು. ಆ ಗುರಿಯನ್ನು ಊರಿನವರೂ ನೋಡಲಿ ಎಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಮ್ಮ ತೋಟದಲ್ಲಿ ಒಣದ್ರಾಕ್ಷಿ ಆರಿಸುವ ಹಾಲ್ ಒಂದಿದೆ. ಹಂಗಾಮು ಮುಗಿದ ಮೇಲೆ ಅದು ಖಾಲಿ. ಪುಣೆಯಲ್ಲಿ ಬ್ಯಾಲೆ ಕಲಿತು ಬಂದ ಕುಡಚಿಯ ಗುಲನಾಜ ಅಲ್ಲಿ ಹುಡುಗಿಯರಿಗೆ ಕ್ಲಾಸು ನಡೆಸಲು ಕೇಳಿದಾಗ, ನಾನು ಒಂದು ದಿನ ಕುರ್ಚಿ ಹಾಕಿಸಿಕೊಂಡು ನೋಡಿದೆ. ಬೆನ್ನು ನೆಟ್ಟಗಿರಬೇಕು, ಗದ್ದ ಎತ್ತಿರಬೇಕು, ನಿಲ್ಲೆಂದ ಕಡೆ ನಿಲ್ಲೆಂದಷ್ಟು ಹೊತ್ತು ನಿಲ್ಲಬೇಕು, ಎದುರು ಮಾತಾಡಬಾರದು. ಇದನ್ನೇ ನಾನು ಈ ಮನೆಗೆ ಬಂದಂದಿನಿಂದ ಎಲ್ಲರಿಗೂ ಕಲಿಸುತ್ತಿದ್ದೇನೆ. ಇದಕ್ಕೆ ಬ್ಯಾಲೆ ಎನ್ನುತ್ತಾರೆಂದು ಮಾತ್ರ ಗೊತ್ತಿರಲಿಲ್ಲ. ಅಂದೇ ಕೀಲಿಕೈ ಕೊಟ್ಟೆ.

ನನ್ನ ಮೊಮ್ಮಗಳು ಶೀತಲಳೂ ಇನ್ನೈದು ಹುಡುಗಿಯರೂ ಸಾಂಗಲಿಯ ರಂಗಮಂದಿರದಲ್ಲಿ ಕುಣಿಯುವುದೆಂದು ನಿಶ್ಚಯವಾಯಿತು. ಆದರೆ ಅಲ್ಲಿಯವರದು ಒಂದೇ ಕರಾರು: ಆರೂ ಜನ ಒಂದೇ ಥರದ ಲಿಯೊಟಾರ್ಡ್, ಅಂದರೆ ಕುತ್ತಿಗೆಯಿಂದ ತೊಡೆಯವರೆಗೆ ಚರ್ಮದಂತೆ ಅಂಟಿ ಕೂರುವ ಆ ಒಂದೇ ತುಂಡಿನ ಉಡುಪು, ತೊಟ್ಟಿರಬೇಕು, ಇಲ್ಲದಿದ್ದರೆ ಸ್ಟೇಜಿಲ್ಲ. ಶೀತಲ ನನ್ನ ಸೆರಗು ಹಿಡಿದು, "ಆಯಿ, ಸ್ಟೇಜ್ ತಪ್ಪಿತಂದ್ರ ನಾ ಸಾಲಿಗೂ ಹೋಗಂಗಿಲ್ಲ ನೋಡ" ಎಂದಳು. ಹಾಗಾಗಿ ಉಡುಪಿನ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ.

ತಮ್ಮ ಅಳತೆಯ ಪದ್ಧತಿಯನ್ನು ಎಷ್ಟು ಹೊಗಳಿದರೂ ಸಾಲದು. ಎದೆ, ಸೊಂಟ ಸಾಲದೆಂದು, ಟೇಪು ಭುಜದಿಂದ ಹೊರಟು, ಎದೆಯ ಮೇಲೆ ಇಳಿದು, ಕಾಲುಗಳ ನಡುವೆ ಹಾಯ್ದು, ಬೆನ್ನು ಹತ್ತಿ ಮತ್ತೆ ಅದೇ ಭುಜಕ್ಕೆ ಬಂದು ಮುಟ್ಟಬೇಕೆಂದು ತಾವು ಚಿತ್ರಸಹಿತ ತಿಳಿಸಿದ್ದಿರಿ. ನಮ್ಮ ಹೊಲ ಅಳೆಯಲು ಬಂದ ಸರ್ವೇದವರು ಕೂಡ ಇಷ್ಟು ದೊಡ್ಡ ಸುತ್ತು ಹಾಕಿರಲಿಲ್ಲ.

ಇಲ್ಲಿ ನಮ್ಮ ಕಡೆಯ ರೂಢಿಯನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಬೆಳೆಯುವ ಹುಡುಗಿಯ ಬಟ್ಟೆಗೆ ಅಳತೆಗಿಂತ ನಾಲ್ಕು ಬೆರಳು ಹೆಚ್ಚು ಹೇಳುವುದು ಹಿರಿಯರ ಕೆಲಸ. ನಮ್ಮ ಟೇಲರ್ ಕಾಮಣ್ಣ, "ಹೂಂನ್ರಿ ಅವ್ವಾರ, ಇಡ್ತೀನ್ರಿ" ಎಂದು ತಲೆಯಾಡಿಸಿ, ಹೆಚ್ಚಿನ ಬಟ್ಟೆಯನ್ನು ಹೊಲಿಗೆಯ ಒಳಗೆ ಮಡಚಿಟ್ಟು ಮೈಗೆ ಸರಿಯಾಗಿ ಹೊಲಿಯುತ್ತಾನೆ. ಹುಡುಗಿ ಬೆಳೆದಂತೆ ವರ್ಷಕ್ಕಿಷ್ಟು ಬಿಚ್ಚಿಕೊಡುತ್ತಾನೆ. ಹೇಳಿದ ಗೌರವ ನನಗೂ ಉಳಿಯುತ್ತದೆ, ಬಟ್ಟೆಯೂ ಕೂರುತ್ತದೆ.

ಅದೇ ಪ್ರಕಾರ, ಗುಲನಾಜ ತೆಗೆದ ಪ್ರತಿಯೊಂದು ಅಳತೆಗೂ ನಾಲ್ಕು ಬೆರಳು ಸೇರಿಸಲು ಹೇಳಿದೆ. ಅವಳು, "ಅವ್ವಾರ, ಇದು ಮೈಗೆ ಹತ್ತಿಕೊಂಡs ಇರಬೇಕ್ರಿ" ಎಂದಳು. "ಹುಡುಗ್ಯಾರು ಬೆಳಿಯೂದು ನಿಮ್ಮ ಪುಣೆದಾಗ ಬಂದ್ ಆಗೇತೇನ?" ಎಂದು ಕೇಳಿದೆ. ಟೇಪು ಸುತ್ತತೊಡಗಿದಳು. ಫೋನಿನಲ್ಲಿ ಆರ್ಡರ್ ತುಂಬುತ್ತಿದ್ದ ನನ್ನ ಸೊಸೆ ಸೀಮಾ ಒಂದು ಸಲ ತಲೆಯೆತ್ತಿ, "ಅತ್ತಿಯವರ, ಖರೇನೂ ಹಿಂಗs ಬರೀಲೇನ್ರಿ?" ಎಂದಳು. "ಬರಿ ಅಂದ್ರ ಬರಿ" ಎಂದೆ. ಬರೆದಳು.

ತಮ್ಮ ಪಾರ್ಸಲ್ ಬಂತು. ಸೊಂಟದಲ್ಲಿರಬೇಕಾದ ಭಾಗ ಮೊಣಕಾಲನ್ನು ವಿಚಾರಿಸಿಕೊಳ್ಳುತ್ತಿತ್ತು. ತೋಳೆತ್ತಿದರೆ ಕಂಕುಳಲ್ಲಿ ಸೊಳ್ಳೆಪರದೆ ಬಿಚ್ಚಿಕೊಳ್ಳುತ್ತಿತ್ತು. ಶೀತಲ ಒಂದು ಸುತ್ತು ತಿರುಗಿ ನಿಂತಳು; ಬಟ್ಟೆ ಸ್ವಲ್ಪ ತಡವಾಗಿ ತಿರುಗಿ ಬಂದು ಅವಳನ್ನು ಸೇರಿಕೊಂಡಿತು. ಒಳಗೆ ಮಡಚಿಟ್ಟ ಬಟ್ಟೆಯೆಂಬುದು ಒಂದು ಎಳೆಯೂ ಇರಲಿಲ್ಲ, ಹೇಳಿದ್ದೆಲ್ಲ ಹೊರಗೇ ಇತ್ತು. ಕಾಮಣ್ಣನನ್ನು ಕರೆಸಿದರೆ, "ಈ ರಬ್ಬರ್ ಅರಿವಿ ನನ್ನ ಮಷೀನ್ದಾಗ ಕುಂದ್ರಂಗಿಲ್ರಿ ಅವ್ವಾರ, ಹರದ ಹೊಕ್ಕೈತಿ" ಎಂದು ಕೈ ಚೆಲ್ಲಿಬಿಟ್ಟ. ಸಾಂಗಲಿಯ ಕಾರ್ಯಕ್ರಮಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಶೀತಲ ಅಳಲಿಲ್ಲ, ಉಡುಪನ್ನು ಮಡಚಿ ನನ್ನ ತೊಡೆಯ ಮೇಲಿಟ್ಟು ಹೋದಳು.

ಮಾನ್ಯರೇ, ನನ್ನ ಮಾತನ್ನು ಇಷ್ಟು ಸಂಪೂರ್ಣವಾಗಿ ಪಾಲಿಸಿದವರು ಈ ಲೋಕದಲ್ಲಿ ತಾವೊಬ್ಬರೇ. ದಿವಂಗತ ಯಜಮಾನರು ಅರ್ಧ ಕೇಳುತ್ತಿದ್ದರು. ಮಕ್ಕಳು ಕೇಳಿದಂತೆ ನಟಿಸುತ್ತಿದ್ದರು. ಹೇಳಿದ್ದನ್ನು ಹೇಳಿದಂತೆ ಮಾಡುವವರು ಸಿಗಲೆಂದು ಜೀವಮಾನವೆಲ್ಲ ಹಂಬಲಿಸಿದವಳಿಗೆ, ಅಂಥವರು ನಿಜವಾಗಿ ಸಿಕ್ಕರೆ ಏನಾಗುತ್ತದೆಂದು ಆರು ಪ್ರತಿಗಳಲ್ಲಿ ತೋರಿಸಿಕೊಟ್ಟಿರಿ. ಆದ್ದರಿಂದ ತಮ್ಮ ಕಂಪನಿಯಲ್ಲಿ ಒಳ್ಳೆಯ ಸಂಬಳ ಕೊಟ್ಟು ಒಬ್ಬ ಅವಿಧೇಯ ನೌಕರನನ್ನು ಕೂಡಲೇ ನೇಮಿಸಬೇಕೆಂದು ವಿನಂತಿ. ಹಿರಿಯರ ಆರ್ಡರ್ ಬಂದಾಗ ಅವನು ವಿನಯದಿಂದ ಹೂಂ ಎನ್ನಬೇಕು, ಆಮೇಲೆ ಸರಿಯಾದದ್ದನ್ನು ಮಾಡಬೇಕು. ಅದು ಆಗದಿದ್ದರೆ, ಹುಡುಗಿಯೊಂದಿಗೆ ತಾನೂ ಬೆಳೆಯುವ ಬಟ್ಟೆಯನ್ನಾದರೂ ನೇಯಿಸಬೇಕು.

ಇಷ್ಟಕ್ಕೇ ಮುಗಿದಿದ್ದರೆ ತಮ್ಮನ್ನು ಕ್ಷಮಿಸುತ್ತಿದ್ದೆ. ಆದರೆ ಕಾರ್ಯಕ್ರಮದ ಹಿಂದಿನ ದಿನ ತಮ್ಮಿಂದ ಇನ್ನೊಂದು ಪಾರ್ಸಲ್ ಬಂತು. ತೆಗೆದರೆ ಮತ್ತೆ ಆರು ಲಿಯೊಟಾರ್ಡು. ತೊಡಿಸಿದರೆ ಆರೂ ಹುಡುಗಿಯರಿಗೆ ಹುಟ್ಟುವಾಗಲೇ ತೊಟ್ಟು ಬಂದಂತೆ. ನಾನು ಸೀಮಾಳ ಮುಖ ನೋಡಿದೆ. "ಗುಲನಾಜ ತಗದ ಅಳತಿಗೆ ಅರ್ಜೆಂಟ್ ತರಿಸೀನ್ರಿ. ನಿಮ್ಮನ್ನ ಕೇಳಿದ್ರ ಮತ್ತ ನಾಕ ಬೆರಳ ಹೆಚ್ಚಿಗಿ ಅಂತಿದ್ರಿ" ಎಂದು ಹೇಳಿ ರೊಟ್ಟಿ ಬಡಿಯಲು ಹೋದಳು. ನನ್ನ ಮಾತನ್ನು ಅಕ್ಷರಶಃ ಪಾಲಿಸಿದ ಕಂಪನಿ, ನನ್ನ ಸೊಸೆಯ ಮಾತನ್ನೂ ಅಷ್ಟೇ ಅಕ್ಷರಶಃ ಪಾಲಿಸುವುದೆಂದರೆ, ತಮ್ಮಲ್ಲಿ ದೊಡ್ಡವರು ಚಿಕ್ಕವರು ಎಂಬುದೇ ಇಲ್ಲವೇ?

ಹುಡುಗಿಯರು ಕುಣಿದರು. ಶೀತಲ ಕಾಲ್ಬೆರಳ ತುದಿಯ ಮೇಲೆ ಏರಿ ನಿಂತಾಗ ಇಡೀ ಸಭೆ ಉಸಿರು ಹಿಡಿದಿತ್ತು, ನಾನೂ ಹಿಡಿದಿದ್ದೆ. ಮುಗಿದ ಮೇಲೆ ಮಿರಜದ ಹೆಣ್ಣುಮಗಳೊಬ್ಬಳು ಬಂದು, "ಎಷ್ಟ ಛಂದ ಕುಂತಾವ್ರಿ ಡ್ರೆಸ್, ಯಾರ ಮಾಡಸಿದ್ರಿ?" ಎಂದು ಕೇಳಿದಳು. "ನಾನs" ಎಂದೆ. ಪಕ್ಕದಲ್ಲೇ ನಿಂತು ಶೀತಲಳ ಜಡೆ ಬಿಚ್ಚುತ್ತಿದ್ದ ಸೀಮಾ ತಲೆಯೆತ್ತದೆ, "ಹೌದ್ರಿ, ನಮ್ಮ ಅತ್ತಿಯವರs ಮಾಡಿಸ್ಯಾರ" ಎಂದಳು.

ಊರಿಗೆ ಮರಳುವಾಗ ಕಿಟಕಿಯ ಪಕ್ಕದ ಸೀಟನ್ನು ಸೀಮಾಳಿಗೇ ಬಿಟ್ಟುಕೊಟ್ಟೆ. ಇದನ್ನು ತಮ್ಮ ಕಂಪನಿ ದಯವಿಟ್ಟು ನನ್ನ ಸೋಲೆಂದು ತಿಳಿಯಬಾರದು.

ಇನ್ನೂ ಈ ಮನೆಗೆ ಹಿರಿಯಳಾಗಿಯೇ ಇರುವ
ತಮ್ಮ ವಿಶ್ವಾಸಿ,
ಸಕ್ಕುಬಾಯಿ ಬಾಬಾಸಾಹೇಬ ಚೌಗಲಾ
ಐನಾಪುರ

ತಾ.ಕ.: ಮೊದಲಿನ ಆರು ಉಡುಪುಗಳನ್ನು ಬೇವಿನ ಎಲೆ ಹಾಕಿ ನನ್ನ ಟ್ರಂಕಿನಲ್ಲಿಟ್ಟಿದ್ದೇನೆ. ಹುಡುಗಿಯರು ಬೆಳೆದೇ ಬೆಳೆಯುತ್ತಾರೆ. ಅವು ಮೈಗೆ ಸರಿಯಾಗುವ ದಿನ ತಮ್ಮ ಫೋನಿನ ಹುಡುಗಿಯೇ ನನಗೆ ಫೋನ್ ಮಾಡಿ, "ಅವ್ವಾರ, ನಿಮ್ಮದs ಖರೆ ಇತ್ರಿ" ಎಂದು ಹೇಳತಕ್ಕದ್ದು. ಸೀಮಾ ಪಕ್ಕದಲ್ಲಿರುವ ಹೊತ್ತು ನೋಡಿ ಮಾಡಿದರೆ ಉಪಕಾರವಾಗುತ್ತದೆ.