ನಮ್ಮ ಗ್ರೂಪಿನಲ್ಲಿ ನಾಲ್ಕು ಮಗ್ಗಗಳು

ನಮ್ಮ ಕಾಕಾ ತಾವಾಗಿ ಬಾಯಿಬಿಟ್ಟು ನಾಲ್ಕು ಮಾತಾಡಿದ್ದನ್ನು ಕಂಡವರಿದ್ದರೆ ಮುಂದೆ ಬರಲಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಅವರ ಪರವಾಗಿ ಮಾತಾಡುವುದೆಲ್ಲ ಬನಹಟ್ಟಿಯಲ್ಲಿ ಅವರೊಬ್ಬರೇ ನಡೆಸುವ ನಾಲ್ಕು ಪವರ್‌ಲೂಮ್ ಮಗ್ಗಗಳು.

ವಿಡಿಯೋ ನೋಡಿ ಪ್ರೋಗ್ರಾಮ್ ಬರೆಯಲು ಕಲಿತ ಈ ಮಹಾಶಯರು ಮಗ್ಗಗಳಿಗೆ ವೈರು ಸುತ್ತಿ ಹಳೆಯ ಕಂಪ್ಯೂಟರಿಗೆ ಜೋಡಿಸಿದರು. ಮಗ್ಗ ನಿಂತದ್ದು, ಹೊರಟದ್ದು ಎಲ್ಲವನ್ನೂ ಅದು ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರಂತೆ. ಎನ್ನಲಿ ಬಿಡಿ! ಆದರೆ ಅದರ ಒಂದೊಂದು ಸಾಲೂ ನಮ್ಮ ಮನೆತನದ ಚಾಟ್ ಗ್ರೂಪಿಗೇ ಬಂದು ಬೀಳಬೇಕೆ? ನನಗೆ ಮಗಳು ಹುಟ್ಟಿದ ಸುದ್ದಿ ಹಾಕಿದರೆ ಅದರ ಕೆಳಗೇ, ‘ಮಗ್ಗ ೩ ನಿಂತಿದೆ’! ನಾವೆಲ್ಲ ಗ್ರೂಪನ್ನು ಮ್ಯೂಟ್ ಮಾಡಿಟ್ಟೆವು. ಕಾಕು ಮಾತ್ರ ದಿನಾ ಗಂಡನನ್ನು ಬೈಯುತ್ತಿದ್ದರು: “ಆ ಡಬ್ಬಿ ಒಯ್ದು ಹೊಳ್ಯಾಗ ಒಗೀರಿ!”

ಜಮಖಂಡಿಯ ನಮ್ಮ ಮನೆಯಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಕಾಕಾ ಎಂದಿನಂತೆ ಮಗ್ಗ ಬಿಟ್ಟು ಬರಲಿಲ್ಲ. ಮಧ್ಯಾಹ್ನದ ಪಂಕ್ತಿಯಲ್ಲಿ ಮೊಬೈಲ್ ನೋಡುತ್ತಿದ್ದ ಕಾಕು ಒಮ್ಮೆಲೇ ಎದ್ದರು.

“ತಮ್ಮಾ, ಗಾಡಿ ತಗಿ.”

“ಯಾಕ್ರಿ ಕಾಕು?”

“ನಾಕನೇ ಮಗ್ಗ ನಿಂತೈತಿ. ಆಮ್ಯಾಲೆ ಎರಡನೇದ್ದು. ಈಗ ಮೂರನೇದ್ದು.”

“ಕರೆಂಟ್ ಹೋಗಿರಬೇಕ್ರಿ.”

“ಕರೆಂಟ್ ಹೋದ್ರ ನಾಕೂ ಕೂಡೇ ನಿಂದರತಾವು. ಒಂದೊಂದಾಗಿ ನಿಂತಾವಂದ್ರ ಲಾಳ್ಯಾಗ ನೂಲು ತೀರೇತಿ, ತುಂಬಾವ್ರಿಲ್ಲ!”

ಕಾಕಾಗೆ ಸಕ್ಕರೆ ಕಾಯಿಲೆ. ಫೋನ್ ಎತ್ತುತ್ತಿಲ್ಲ. ಕಾಕು ನೆರೆಮನೆಯವರಿಗೆ ಫೋನ್ ಮಾಡಿ, “ಮೊದಲ ಓಡ್ರಿ!” ಎಂದು ಕೂಗಿದರು. ದಾರಿಯಲ್ಲಿ ಬೈಕಿನ ಹಿಂದಿನಿಂದ ಅವರ ದನಿ ಕೇಳಿತು: “ಒಂದನೇದ್ದೂ ನಿಂತಿತು.” ನಾನು ಗಾಡಿಯ ವೇಗ ಹೆಚ್ಚಿಸಿದೆ. ಆ ಮನುಷ್ಯನನ್ನು ಎಷ್ಟು ಆಡಿಕೊಂಡು ನಕ್ಕಿದ್ದೆ!

ನಾವು ಬನಹಟ್ಟಿ ಮುಟ್ಟಿದಾಗ ಕಾಕಾ ಗೋಡೆಗೊರಗಿ ಕೂತಿದ್ದರು. ಅಂಗಿಯೆಲ್ಲ ಬೆವರು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದವರು ಊಟ ಮಾಡುವುದನ್ನೇ ಮರೆತು, ಮೈಯ ಸಕ್ಕರೆ ತೀರಾ ಇಳಿದುಬಿಟ್ಟಿತ್ತಂತೆ. ನೆರೆಯವರು ಬಂದಾಗ ತೊದಲುತ್ತಿದ್ದರಂತೆ. ಸಕ್ಕರೆ ನೀರು ಕುಡಿಸಿ ಡಾಕ್ಟರನ್ನು ಕರೆಸಿದ್ದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

“ನಿನಗ ಹ್ಯಾಂಗ ಗೊತ್ತಾತು?” ಕಾಕಾ ಹೆಂಡತಿಯನ್ನು ಕೇಳಿದರು. “ದಿನಾ ಬೈತಿದ್ದಿ. ಅದನ್ನೆಲ್ಲಾ ಓದ್ತಿದ್ದೇನು?”

ಕಾಕು ಸೆರಗಿನಿಂದ ಅವರ ಮುಖ ಒರೆಸಿದರು.

“ಒಂದೂ ಬಿಟ್ಟಿಲ್ಲ. ನಾ ಊರಾಗ ಇಲ್ದಾಗ ‘ಮಗ್ಗ ಚಾಲೂ’ ಅಂತ ಬಂತಂದ್ರ, ನೀವು ಅದೀರಿ ಅಂತ ಜೀವಕ್ಕ ಸಮಾಧಾನ ಆಗ್ತಿತ್ತು.”