ಸೋಮವಾರದ ಮೆಣಸಿನಕಾಯಿ

ಕಾಲ ಬದಲಾದಂತೆ ಧರ್ಮವೂ ಬದಲಾಗಬೇಕೇ ಎಂದು ಯಾರಾದರೂ ಕೇಳಿದರೆ, ಈಚೆಗೆ ನಾನು ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮರೆಸಿಕೊಳ್ಳುತ್ತೇನೆ. ಮೊದಲು ಹಾಗಿರಲಿಲ್ಲ. ರಾಯದುರ್ಗದ ಪೇಟೆಯಲ್ಲಿ ನನ್ನ ಜವಳಿ ಅಂಗಡಿಯ ಗಾದಿಯೇ ಧರ್ಮಪೀಠ. ಹಿರಿಯರು ಹಾಕಿದ ಗೆರೆ ಒಂದೆಳೆಯಷ್ಟೂ ಕದಲಕೂಡದೆಂದು ನಾನು ಅಪ್ಪಣೆ ಕೊಡಿಸಿದರೆ, ಸೀರೆ ಕೊಳ್ಳಲು ಬಂದವರು ದರ ಇಳಿದೀತೆಂಬ ಆಸೆಯಿಂದ ತಲೆದೂಗುತ್ತಿದ್ದರು.

ನಮ್ಮ ಮನೆತನದಲ್ಲಿ ಶ್ರಾವಣ ಸೋಮವಾರ ದೀಪ ಹಚ್ಚುವವರೆಗೆ ಉಪವಾಸ. ಅಪ್ಪ ಹನಿ ನೀರು ಮುಟ್ಟುತ್ತಿರಲಿಲ್ಲ. ನಾನೂ ನೀರು ಮುಟ್ಟುತ್ತಿರಲಿಲ್ಲ, ಕಾಫಿ ಕುಡಿಯುತ್ತಿದ್ದೆ. ಕಾಫಿಯನ್ನೇ ಕಾಣದ ಹಿರಿಯರು ಅದನ್ನು ಬೇಡವೆಂದಿರಲು ಸಾಧ್ಯವೇ? ಮಂಡಕ್ಕಿ ಅರಳಿದ್ದು ಬಿಸಿ ಮರಳಿನಲ್ಲಿ, ಆದ್ದರಿಂದ ಅನ್ನವಲ್ಲ. ಮೆಣಸಿನಕಾಯಿಯಂತೂ ಬರಿ ಕಾಯಿ. ಅದು ಹಿಟ್ಟಿನ ಅಂಗಿ ತೊಟ್ಟು ಎಣ್ಣೆಗಿಳಿದರೆ ನನ್ನ ತಪ್ಪೇನು? ವರ್ಷಕ್ಕೊಂದು ತೀರ್ಪು ಕೊಟ್ಟುಕೊಂಡು, ಅಂಗಡಿಯ ಹಿಂದಿನ ಕೋಣೆಯಲ್ಲಿ ಕದ ಮುಂದೆ ಮಾಡಿ ಭಕ್ತಿಯಿಂದ ನುಂಗುತ್ತಿದ್ದೆ. ಕರಿದು ತರುತ್ತಿದ್ದವಳು ತಂಗಿ ಗೌರಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿ, ಓಣಿಯ ಹುಡುಗಿಯರಿಗೆ ಅಕ್ಷರ ಕಲಿಸಿಕೊಂಡಿದ್ದವಳು. ಅವಳದು ಅಪ್ಪನ ಕಾಲದ ಉಪವಾಸ.

ಹೋದ ಶ್ರಾವಣದ ಒಂದು ಸೋಮವಾರ, ತಟ್ಟೆ ಇಟ್ಟವಳು ಬಾಗಿಲಲ್ಲೇ ನಿಂತಳು.

"ಅಣ್ಣಾ, ಬಳ್ಳಾರ್ಯಾಗ ಮದ್ರಾಸು ಸರ್ಕಾರದೋರು ಹೆಣ್ಮಕ್ಕಳಿಗೆ ಟೀಚರ್ ಟ್ರೇನಿಂಗ್ ಕೊಡ್ತಾರಂತ. ಇರಾಕ ಹಾಸ್ಟೆಲ್ಲೂ ಐತಂತ. ನನ್ನ ಕಳಿಸಿಕೊಡು."

ಬಾಯಿ ತುಂಬಿದ್ದರೂ ನನ್ನ ಧ್ವನಿಗೆ ಗಾಂಭೀರ್ಯ ಬಂತು. "ಗಂಡ ಸತ್ತಾಕಿ ಪರ ಊರಾಗ ಒಬ್ಬಾಕೀನ ಇರೂದು ನಮ್ಮ ಧರ್ಮದಾಗ ಇಲ್ಲವ್ವ. ಹಿರ್ಯಾರು ಹಾಕಿದ್ದನ್ನ ನಾ ಹ್ಯಾಂಗ ಬದ್ಲಿ ಮಾಡ್ಲಿ?"

ಗೌರಮ್ಮ ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಮೆಣಸಿನಕಾಯಿಗೆ ದಾರಿ ಬಿಟ್ಟೀಯಲ್ಲಣ್ಣಾ, ನಾ ಅದಕ್ಕಿಂತ ಖಾರ ಏನು?"

ನುಂಗಿದ್ದು ಗಂಟಲಲ್ಲೇ ನಿಂತು ಕಣ್ಣಲ್ಲಿ ನೀರು ಬಂತು. ಅವಳೇ ಓಡಿಹೋಗಿ ತಂಬಿಗೆ ತಂದಳು. ಅಪ್ಪ ಮುಟ್ಟದ ನೀರನ್ನು ಗಟಗಟ ಕುಡಿದೆ. ವಾರದೊಳಗೆ ಅವಳ ಟ್ರಂಕು ಹೊತ್ತುಕೊಂಡು ಸ್ಟೇಷನ್ನಿಗೆ ಹೋದೆ.

ಈ ಶ್ರಾವಣದಲ್ಲಿ ಮೆಲ್ಲಗೆ ಹೆಂಡತಿಯ ಬಳಿ ಮೆಣಸಿನಕಾಯಿಯ ವಿಷಯ ತೆಗೆದೆ. "ಸೋಮವಾರ ಎಣ್ಣಿ ಇಡೂದು ನಮ್ಮ ಧರ್ಮದಾಗ ಇಲ್ರಿ" ಎಂದು ಒಳಗೆ ಹೋದಳು. ಹಾಗಾಗಿ ಈಗ ನಿಜವಾಗಿಯೇ ಉಪವಾಸವಿದ್ದೇನೆ. ಒಣಗಿದ ನನ್ನ ಮುಖ ಕಂಡು ಗಿರಾಕಿಗಳು, "ಹಳೇ ಕಾಲದ ನಿಷ್ಠಿ ಅಂದ್ರ ಇದು ನೋಡ್ರಿ" ಎನ್ನುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯವೆಂದು ತಿಳಿದುಕೊಳ್ಳುತ್ತಾರೆ.